ತಲೆಯ ಪಾಲು

ತೈರಿಯವರನ್ನು ನಾನು ಮೊದಲ ಸಲ ನೋಡಿದಾಗ ಅವರು ಮಂಡಿಯೂರಿ ಕುಳಿತು, ಒದ್ದೆ ಬಾಳೆಎಲೆಯ ಚೂರಿನಿಂದ ಬೆಂದ ಹಂದಿಯೊಂದರ ಕಿವಿ ಒರೆಸುತ್ತಿದ್ದರು. ಅಂದು ಗುರುವಾರ. ದೊಡ್ಡ ದ್ವೀಪ ರಾರೊಟೊಂಗಾದಿಂದ ಬಂದ ಪುಟ್ಟ ವಿಮಾನ ಈ ದ್ವೀಪದಲ್ಲಿ ನನ್ನನ್ನು, ಶಾಲೆಯ ಪುಸ್ತಕದ ಎರಡು ಪೆಟ್ಟಿಗೆಗಳನ್ನು, ಯಾರದೋ ಹೊಲಿಗೆ ಯಂತ್ರವನ್ನು ಇಳಿಸಿ ಹೋಗಿ ಎರಡು ಗಂಟೆಯಾಗಿತ್ತು. ಕೊರಳಲ್ಲಿ ಐದು ಹೂಮಾಲೆ ಹೊತ್ತು ಸಭೆಮನೆಯ ಮೆಟ್ಟಿಲ ಬಳಿ ನಿಂತಿದ್ದೆ. ಹೊಸ ಮೇಷ್ಟ್ರಿಗೆ ಊರು ಕೊಡುವ ಊಟ ಅದು.

ತೈರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತೋಳುಗಳನ್ನು ಮೊಣಕೈವರೆಗೆ ಮಡಚಿದ್ದರು. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಪಕ್ಕದಲ್ಲಿಟ್ಟಿದ್ದ ಚೂರಿ ಮಸೆದು ಮಸೆದು ಬೆರಳಗಲ ಉಳಿದಿತ್ತು, ಹಿಡಿಗೆ ಮೀನಿನ ದಾರ ಸುತ್ತಿತ್ತು. ಕಿವಿಯ ಮಡಿಕೆಯಲ್ಲಿ ಸಿಕ್ಕಿದ್ದ ನೆಲದೊಲೆಯ ಮಣ್ಣನ್ನು ಕಿರುಬೆರಳಿನಿಂದ ತೆಗೆಯುತ್ತಲೇ, ತಲೆಯೆತ್ತದೆ ಕೇಳಿದರು.

"ಹೊಸ ಮೇಷ್ಟ್ರು ನೀನೇನಾ? ಯಾರ ಕಡೆಯೋನು?"

ನಾನು ನನ್ನೂರಿನ ಹೆಸರು ಹೇಳಿದೆ.

"ಊರು ಕೇಳ್ಲಿಲ್ಲ ಕಣಪ್ಪ. ಊರು ನಾಯಿಗೂ ಇರುತ್ತೆ. ನಿಮ್ಮ ಅರಿಕಿ ಯಾರು? ನಿಮ್ಮಜ್ಜಿ ಯಾರ ನೆಲದಲ್ಲಿ ಕೆಸು ನೆಡ್ತಿದ್ಲು?"

ನಮ್ಮ ಕುಲದ ಒಡೆಯನಾದ ಅರಿಕಿಯ ಹೆಸರು ಹೇಳಿದೆ, ಅಜ್ಜಿಯ ಹೆಸರು ಹೇಳಿದೆ. ಅಜ್ಜಿಯ ತಾತನ ಹೆಸರು ಕೇಳಿದಾಗ ಗೊತ್ತಿಲ್ಲ ಎಂದೆ. ಹಿಂದೆ ಕೂತು ಸೋಗೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಜೋರಾಗಿ ನಕ್ಕಳು.

"ಪದವಿ ಮಾಡ್ಕೊಂಡು ಬಂದೋನಂತೆ! ಅಜ್ಜಿಯ ತಾತ ಯಾರು ಅಂತ ಗೊತ್ತಿಲ್ಲ. ಅಲ್ಲೇನು ಬೇರೆಯವರ ತಾತನ ಹೆಸರು ಕಲಿಸ್ತಾರೇನೋ!"

ಅವಳು ತೆಕೂರ, ತೈರಿಯ ಹೆಂಡತಿ. ತೈರಿ ನಗಲಿಲ್ಲ. ಕಣ್ಣು ಮುಚ್ಚಿದರು, ತುಟಿ ಸ್ವಲ್ಪ ಹೊತ್ತು ಅಲ್ಲಾಡಿತು. "ನಿಮ್ಮಜ್ಜಿಯ ತಾತ ಇಲ್ಲಿಂದಲೇ ಹೋದೋನು. ಮೂರನೇ ಹೆಂಡತಿಯ ಮಗ. ಬಲಗಡೆ ಪಕ್ಕೆಲುಬು ನಿಂದು. ಬಾಲದ ತನಕ ಇಳಿಯಲ್ಲ, ಹೆದರಬೇಡ."

ಆಮೇಲೆ ಎದ್ದು ನಿಂತು ಕೂಗಿದರು. ಆ ದೇಹದಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. "ರಂಗಿತೋವಾ!" ಎಂದರು ಮೊದಲು. ಅದು ಈ ದ್ವೀಪದ ಅರಿಕಿಯ ಗದ್ದುಗೆಯ ಹೆಸರು. ಎದುರಿನ ಕೇದಗೆ ಚಾಪೆಯ ಮೇಲೆ ಒಬ್ಬ ಮುದುಕಿ, ಆಗಿನ ಅರಿಕಿ, ನೆಟ್ಟಗೆ ಕೂತಿದ್ದರು. ಅವರ ತುಟಿ ಅಲುಗಿತು, ದನಿ ಬರಲಿಲ್ಲ. ಹಿಂದೆ ಕೂತಿದ್ದ ಅವರ ತಮ್ಮ, ವಾವಿಯ ಎಂಬವನು, ಅಕ್ಕನ ಪರವಾಗಿ "ಇಲ್ಲಿ!" ಎಂದ. ತಲೆ ಆ ಚಾಪೆಗೆ ಹೋಯಿತು. ಬಳಿಕ ಮುಂಗಾಲುಗಳು, ಬೆನ್ನು, ತೊಡೆ, ಪಕ್ಕೆಲುಬು, ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು "ಇಲ್ಲಿ". ನನ್ನ ಹೆಸರು ಬಂದಾಗ ನಾನೂ ಹಾಗೆಯೇ ಅಂದೆ. ಬಾಳೆಎಲೆಯಲ್ಲಿ ಸುತ್ತಿದ ಬಿಸಿ ಮಾಂಸ ಕೈಗೆ ಬಂತು. ಅವತ್ತಿನಿಂದ ನಾನು ಈ ಊರಿನವನು.

ಅದಾಗಿ ಹನ್ನೊಂದು ವರ್ಷ.

ತೈರಿ ತಂದೆಯಿಂದ ಆ ಕೆಲಸ ಕಲಿತವರು. ಮದುವೆ, ಸಾವು, ಚರ್ಚಿನ ಹಬ್ಬ, ಯಾವುದಿದ್ದರೂ ಹಂದಿ ಕೊಯ್ದು ಪಾಲು ಕೂಗುವುದು ಅವರೇ. ಉಳಿದ ದಿನ ಎಲ್ಲರ ಹಾಗೆ ಕೆಸುವಿನ ಗದ್ದೆಯಲ್ಲಿ ಸೊಂಟದವರೆಗೆ ಕೆಸರು. ನಾನು ಸಂಜೆ ಅವರ ಗದ್ದೆಯ ಬದುವಿನ ಮೇಲೆ ಕೂತು ಪ್ರಶ್ನೆ ಕೇಳುತ್ತಿದ್ದೆ. ಅವರು ಬಗ್ಗಿಕೊಂಡೇ ಉತ್ತರಿಸುತ್ತಿದ್ದರು.

"ಹಂದಿ ಅಂದ್ರೆ ದೋಣಿ ಮೇಷ್ಟ್ರೇ. ಅವೈಕಿಯಿಂದ, ನಮ್ಮ ಮೂಲ ನೆಲದಿಂದ, ನಮ್ಮೋರು ಹೊರಟಾಗ ದೋಣಿ ಮೂತೀಲಿ ಕೂತೋನು ಚೊಚ್ಚಲು ಹೊಟ್ಟೆಯ ಚೊಚ್ಚಲು ಮಗ. ಅವನೇ ಅರಿಕಿ. ತಲೆ ಅವಂದು. ಹುಟ್ಟು ಹಾಕಿದೋರಿಗೆ ಮುಂಗಾಲು. ನೀರು ಮೊಗೆದೋರಿಗೆ ಹೊಟ್ಟೆ."

"ಬಾಲ?"

"ಬಾಲ ಕೊನೇಲಿ ಓಡಿಬಂದು ದೋಣಿಗೆ ನೇತುಬಿದ್ದೋನಿಗೆ. ಅವನ ವಂಶದೋರು ಈಗ್ಲೂ ಇದ್ದಾರೆ, ಅಂಗಡಿ ಇಟ್ಟಿದ್ದಾರೆ. ಅವರ ಮುಂದೆ ಈ ಮಾತು ಆಡಬೇಡ, ಸಾಮಾನು ಕೊಡಲ್ಲ." ಅವರು ನಕ್ಕಿದ್ದು ನಾನು ನೋಡಿದ್ದು ಇಂಥ ಹೊತ್ತಿನಲ್ಲೇ. "ಆ ದೋಣಿಯೋರಲ್ಲಿ ಅರ್ಧ ಜನ ಇಲ್ಲಿಳಿದ್ರು. ಅರ್ಧ ಜನ ಇನ್ನೂ ದಕ್ಷಿಣಕ್ಕೆ ಹೋದ್ರು. ನ್ಯೂಜಿಲೆಂಡಿನ ಮಾವೊರಿಗಳೂ ಅರಿಕಿ ಅಂತಲೇ ಅಂತಾರೆ, ಕೇಳಿದ್ದೀಯಲ್ಲ? ಒಂದೇ ಹೊಟ್ಟೆಯ ಮಾತು ಅದು. ನಾವೂ ಮಾವೊರಿ, ಅವರೂ ಮಾವೊರಿ. ಅವರಿಗೆ ಚಳಿ ಜಾಸ್ತಿ, ಅಷ್ಟೇ."

ಪಾಲು ಅಂದರೆ ಊಟ ಮಾತ್ರ ಅಲ್ಲವೆಂದು ನನಗೆ ತಿಳಿದದ್ದು ಎರಡನೆಯ ವರ್ಷ, ನೆಲದ ವ್ಯಾಜ್ಯ ಕೇಳಲು ನ್ಯಾಯಾಧೀಶರು ಬಂದಾಗ. ಅವರು ವರ್ಷಕ್ಕೊಮ್ಮೆ ಬಂದು ಸಭೆಮನೆಯಲ್ಲೇ ಕೂರುತ್ತಾರೆ. ಒಬ್ಬ ಮುದುಕ ಎದ್ದು, "ಚರ್ಚಿಗೆ ತಗಡು ಹೊದಿಸಿದ ವರ್ಷದ ಊಟದಲ್ಲಿ ನಮ್ಮಪ್ಪನಿಗೆ ಎಡ ಮುಂಗಾಲು ಕೂಗಿದ್ರು. ಆ ಗದ್ದೆ ನಮ್ಮದೇ. ಬೇಕಾದ್ರೆ ತೈರೀನ ಕೇಳಿ," ಎಂದ. ತೈರಿ ಎದ್ದು, ಪಾಲನ್ನು ಯಾರು ಎತ್ತಿಕೊಂಡರು, ಅಂದು ಯಾವ ಗಾಳಿ ಬೀಸುತ್ತಿತ್ತು ಎಲ್ಲ ಹೇಳಿದರು. ನ್ಯಾಯಾಧೀಶರು ಬರೆದುಕೊಂಡರು. ಎದುರು ಪಕ್ಷದವರು ತಲೆ ತಗ್ಗಿಸಿ ಮನೆಗೆ ಹೋದರು. ಕೂಗಿದ ಹೆಸರಿಗೆ "ಇಲ್ಲಿ" ಎಂಬ ಉತ್ತರ ಬಂದರೆ ಆ ಪಾಲನ್ನೂ ಅದರ ಜೊತೆಗಿನ ನೆಲವನ್ನೂ ಹಕ್ಕನ್ನೂ ಹಿಂದಕ್ಕೆ ಪಡೆಯುವಂತಿಲ್ಲ. ದ್ವೀಪದ ಅರ್ಧ ನೆಲ ಹೀಗೆ ಆ ಒಬ್ಬರ ಬಾಯಿಯ ಮೇಲೆ ನಿಂತಿತ್ತು.

ನಾನು ಬಂದ ಆರನೆಯ ವರ್ಷ ಮಳೆಗಾಲದಲ್ಲಿ ಮುದಿ ಅರಿಕಿ ತೀರಿಕೊಂಡರು. ಪಟ್ಟವಾದ ದಿನ ವಿಧಿಯಂತೆ ಅವರು ಬೆಂದ ಹಂದಿಯ ಕಿವಿ ಕಚ್ಚಬೇಕಾದಾಗ ಅದರ ತಲೆ ಅಲ್ಲಾಡದಂತೆ ಹಿಡಿದಿದ್ದವರು ತೈರಿ. "ಕಿವಿ ಗಟ್ಟಿ ಇತ್ತು. ಅವಳಿಗೆ ಕೋಪ ಬಂದು ನನ್ನ ಹೆಬ್ಬೆರಳೂ ಸೇರಿಸಿ ಕಚ್ಚಿದ್ಲು," ಎಂದು ಶವದ ಪಕ್ಕ ಕೂತು ಹೇಳಿದರು. ಉಗುರಿಲ್ಲದ ಬೆರಳಿನ ಕತೆ ನನಗೆ ಅಂದು ಗೊತ್ತಾಯಿತು.

ಮಣ್ಣಿನ ದಿನದ ಊಟದಲ್ಲಿ ಕೊನೆಯ ಪಾಲು ಸತ್ತವರದು. ಅವರು ಹುಟ್ಟಿದಾಗ ಇಟ್ಟ ಹೆಸರನ್ನು ಒಮ್ಮೆ ಕೂಗಬೇಕು, ಯಾರೂ ಉತ್ತರಿಸಬಾರದು. ಆ ಪಾಲನ್ನು ಗೋರಿಯ ಪಕ್ಕ ಹೂಳುತ್ತಾರೆ. ತೈರಿ ಕೂಗಿದರು, ಹೂಳಿದರು. ಅಂದಿನಿಂದ ಗದ್ದುಗೆ ಖಾಲಿ. ಗದ್ದುಗೆ ಖಾಲಿ ಇರುವಷ್ಟು ಕಾಲ ತಲೆಯ ಪಾಲನ್ನು ಯಾರ ಹೆಸರಿಗೂ ಕೂಗುವಂತಿಲ್ಲ. ಕೂಗುವವನು ಆ ಜಾಗದಲ್ಲಿ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ತಲೆಯ ಮೇಲೆ ಎಲೆ ಮುಚ್ಚಿ, ಮುಂಗಾಲಿಗೆ ಹೋಗಬೇಕು.

ಗದ್ದುಗೆಗೆ ಇಬ್ಬರಿದ್ದರು. ಅರಿಕಿಯ ಹಿರಿಯ ಮಗಳು ಅಕೈತಿ ಇಪ್ಪತ್ತೇಳು ವರ್ಷದಿಂದ ಆಕ್ಲೆಂಡಿನಲ್ಲಿದ್ದಳು, ಅಲ್ಲಿ ವೃದ್ಧರ ಆರೈಕೆಯ ಕೆಲಸ. ಇನ್ನೊಬ್ಬ ಅರಿಕಿಯ ತಮ್ಮ ವಾವಿಯ, ದ್ವೀಪ ಬಿಟ್ಟು ಕದಲಿದವನಲ್ಲ. ತೈರಿಯ ಹೆಂಡತಿ ತೆಕೂರ ವಾವಿಯನ ತಂಗಿ. ಮೀನು ಹಂಚುವ ಕಟ್ಟೆಯ ಮೇಲೆ ದಿನವೂ ಇದೇ ಮಾತು.

"ಅರಿಕಿ ಅಂದ್ರೆ ಚೊಚ್ಚಲು. ಅಕೈತಿ ಚೊಚ್ಚಲು. ಮುಗೀತಲ್ಲ?"

"ಚೊಚ್ಚಲು ಹೋಗಿ ಆಕ್ಲೆಂಡಿನಲ್ಲಿ ಬಸ್ಸು ಹತ್ತಿದ್ರೆ ಇಲ್ಲಿ ಕಾಲುವೆ ಯಾರು ತೋಡ್ತಾರೆ? ನಿಮ್ಮಪ್ಪನ ಗುಂಡಿ ತೋಡಿದ್ದು ಯಾರು? ವಾವಿಯ ತಾನೇ?"

"ಗುಂಡಿ ತೋಡಿದೋರೆಲ್ಲ ಅರಿಕಿ ಆಗೋದಾದ್ರೆ ಏಡಿಗಳೂ ಆಗಬೇಕು ಬಿಡು."

ಇಬ್ಬರೂ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅರ್ಜಿಯ ಸರದಿ ಬರುವ ಮೊದಲು ಅರಿಕಿಯ ವರ್ಷಾಂತ್ಯ ಬಂತು. ಗೋರಿಗೆ ಕಲ್ಲು ಹಾಕಿಸಿ, ಮೇಲೆ ಹೊದಿಸಿದ ಬಟ್ಟೆ ತೆಗೆಯುವ ದಿನ. ಅಕೈತಿ ಹತ್ತು ಜನರೊಂದಿಗೆ ಬಂದಿಳಿದಳು. ಕಲ್ಲು ತೆರೆದು, ಹಾಡು ಮುಗಿಸಿ, ಜನ ಸಭೆಮನೆಯ ಮುಂದೆ ಕೂತರು. ಯಾರೋ ಅರಿಕಿಯ ದೊಡ್ಡ ಪಟ ತಂದು, ಹೂಮಾಲೆ ಹಾಕಿ, ಅವರು ಯಾವಾಗಲೂ ಕೂರುತ್ತಿದ್ದ ಚಾಪೆಯ ಮೇಲೆ ಒರಗಿಸಿಟ್ಟರು. ಅದರ ಹಿಂದೆ, ತನ್ನ ಎಂದಿನ ಜಾಗದಲ್ಲಿ, ವಾವಿಯ ಕೂತ.

ತೈರಿ ಕಿವಿ ಒರೆಸಿದರು. ಎದ್ದರು. ಪಟದ ಕಡೆ ನೋಡಿದರು.

"ರಂಗಿತೋವಾ!"

"ಇಲ್ಲಿ!" ಎಂದ ವಾವಿಯ.

ಎರಡೂ ಒಂದೇ ಉಸಿರಿನಲ್ಲಿ ಮುಗಿದುಹೋದವು. ನಾನು ಐದು ಮಾರು ದೂರದಲ್ಲಿದ್ದೆ, ಇಬ್ಬರ ಮುಖವನ್ನೂ ನೋಡುತ್ತಿದ್ದೆ. ಒಬ್ಬರು ನಲವತ್ತೊಂದು ವರ್ಷ ಕೂಗಿದ್ದನ್ನೇ ಕೂಗಿದ್ದರು. ಇನ್ನೊಬ್ಬ ದನಿ ಸೋತ ಅಕ್ಕನ ಪರವಾಗಿ ಹತ್ತು ವರ್ಷ ಅಂದದ್ದನ್ನೇ ಅಂದಿದ್ದ. ವಾವಿಯ ತನ್ನ ಬಾಯಿಗೆ ಕೈ ಅಡ್ಡ ಹಿಡಿದ. ಜನ ಕಲ್ಲಾದರು. ಕೋಳಿಗಳು ಮಾತ್ರ ಎಲೆ ಕೆದಕುತ್ತಿದ್ದವು. ಆಮೇಲೆ ಅಕೈತಿ ಎದ್ದಳು.

"ಹೆಂಡತಿಯ ಅಣ್ಣನಿಗೆ ತಲೆ ಕೊಟ್ಟೆಯಾ ಚಿಕ್ಕಪ್ಪ? ನಮ್ಮಮ್ಮನ ಕಲ್ಲಿನ ಎದುರಿಗೇ? ಭೇಷ್!"

ಅವಳ ಜನ ಪಾಲು ಮುಟ್ಟದೆ ಎದ್ದುಹೋದರು.

ವಾವಿಯನ ಕೈ ಬಾಯಿಂದ ಇಳಿಯಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಅವನು ತೈರಿಯ ಜಗುಲಿಗೆ ಬಂದ. "ಭಾವ, ಆಗಿದ್ದು ಆಗಿಹೋಯ್ತು. ಸತ್ತೋಳೇ ನಿನ್ನ ಬಾಯಲ್ಲಿ ಕೂಗಿಸಿದ್ಲು ಅಂತಾರೆ ಜನ. ತಿಳಿದೇ ಕೂಗಿದೆ ಅಂತ ನ್ಯಾಯಾಧೀಶರ ಮುಂದೆ ಹೇಳು. ಒಂದು ಮಾತು, ಸಾಕು."

"ಅಣ್ಣ ಕೇಳೋದು ಒಂದು ಮಾತು," ಎಂದಳು ತೆಕೂರ. "ಜೀವಮಾನವೆಲ್ಲ ಊರೋರಿಗೆ ಪಾಲು ಹಂಚಿದೆ. ನಮ್ಮ ಮನೆಗೆ ಒಂದು ಸಲ ಆಗಲ್ವಾ?"

ಮರುದಿನ ಶಾಲೆ ಬಿಟ್ಟ ಮೇಲೆ ತೈರಿ ನನ್ನ ಹತ್ತಿರ ಬಂದು, ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತರು.

"ನೀನು ಆ ಕಡೆಯೋನೂ ಅಲ್ಲ, ಈ ಕಡೆಯೋನೂ ಅಲ್ಲ. ಬಲ ಪಕ್ಕೆಲುಬಿನೋನು. ಹೇಳು, ನಾನೇನು ಹೇಳಲಿ?"

"ಬಾಯಿ ತಪ್ಪಿ ಬಂತಲ್ವಾ ಅಜ್ಜ?"

"ಹೌದು."

"ಹಾಗಾದ್ರೆ ಆದದ್ದನ್ನ ಆದ ಹಾಗೇ ಹೇಳಿಬಿಡಿ. ನಿಜ ಹೇಳಿದ್ರೆ ಏನಾಗುತ್ತೆ?"

"ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲ. ಅದಕ್ಕೇ ಇಷ್ಟು ಬೇಗ ಹೇಳ್ದೆ. ಈ ಬಾಯಿ ಒಂದು ಸಲ ತಪ್ಪುತ್ತೆ ಅಂತ ನಾನೇ ಒಪ್ಪಿಕೊಂಡ್ರೆ, ಇದರ ಮೇಲೆ ನಿಂತಿರೋ ಗದ್ದೆಗಳ ಗತಿ ಏನು ಮೇಷ್ಟ್ರೇ?"

ನಾನು ಮಕ್ಕಳಿಗೆ ಹೇಳುವುದನ್ನೇ ಅವರಿಗೂ ಹೇಳಿದೆ, ನಿಜ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ ಅಂತ. ಅವರು ತಲೆಯಾಡಿಸಿ ಎದ್ದುಹೋದರು. ಆ ಮಾತನ್ನು ಮತ್ತೆ ಯಾರಿಗೂ ನಾನು ಹೇಳಿಲ್ಲ.

ಆಗಸ್ಟಿನಲ್ಲಿ ನ್ಯಾಯಾಧೀಶರು ಬಂದರು. ಸಭೆಮನೆ ತುಂಬಿ ಕಿಟಕಿಗಳಲ್ಲೂ ಜನ. ತೈರಿ ಅದೇ ಬಿಳಿ ಅಂಗಿಯಲ್ಲಿ ಬೈಬಲ್ಲಿನ ಮೇಲೆ ಕೈಯಿಟ್ಟರು. ನ್ಯಾಯಾಧೀಶರು ಮೆಲ್ಲಗೆ ಕೇಳಿದರು, ಗದ್ದುಗೆ ವಾವಿಯನದೆಂದು ತಿಳಿದೇ ಆ ಹೆಸರು ಕೂಗಿದಿರಾ?

"ಇಲ್ಲ. ಬಾಯಿ ತಪ್ಪಿತು. ಪಟ ನೋಡ್ದೆ. ಅವಳು ಸತ್ತಿದ್ದು ನನಗೆ ಗೊತ್ತಿತ್ತು, ಬಾಯಿಗೆ ಗೊತ್ತಿರ್ಲಿಲ್ಲ."

ತೆಕೂರ ಎದ್ದು ಹೊರಗೆ ನಡೆದಳು. ವಾವಿಯ ನೆಲ ನೋಡುತ್ತಿದ್ದ. ಅಕೈತಿಯ ಕಡೆಯವರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಕೈತಿಯ ವಕೀಲೆ ಎದ್ದಳು. ರಾರೊಟೊಂಗಾದ ಹುಡುಗಿ, ಕೆಲಸ ಅಚ್ಚುಕಟ್ಟಾಗಿ ಮುಗಿಸುವ ಆಸೆ ಅವಳಿಗೆ.

"ನಲವತ್ತೊಂದು ವರ್ಷದಲ್ಲಿ ಬೇರೆ ಯಾವಾಗಲಾದರೂ ಬಾಯಿ ತಪ್ಪಿದ್ದುಂಟಾ ಅಜ್ಜ?"

'ಇಲ್ಲ' ಎಂದರೆ ಆಗಿಹೋಗುತ್ತಿತ್ತು. ಇಡೀ ಸಭೆ ಆ ಒಂದು ಪದಕ್ಕೆ ಕಾಯುತ್ತಿತ್ತು, ಎರಡೂ ಕಡೆಯವರು. ತೈರಿ ತಮ್ಮ ಖಾಲಿ ಕೈಗಳನ್ನು ತಿರುಗಿಸಿ ನೋಡಿಕೊಂಡರು.

"ಈ ಸಲ ತಪ್ಪಿದೆ ಅಂತ ನನಗೆ ಗೊತ್ತಾಗಿದ್ದು ಜನ ಸುಮ್ಮನಾದ್ದರಿಂದ. ಬೇರೆ ಸಲ ತಪ್ಪಿ, ಜನ ಸುಮ್ಮನಾಗದೆ ತಗೊಂಡು ಹೋಗಿದ್ರೆ..." ಅವರು ನಿಲ್ಲಿಸಿದರು. "ಗೊತ್ತಿಲ್ಲಮ್ಮ. ಪ್ರಮಾಣ ಮಾಡಿ ಹೇಳು ಅಂದ್ರೆ, ಗೊತ್ತಿಲ್ಲ."

ನ್ಯಾಯಾಧೀಶರ ಪೆನ್ನು ನಿಂತಿತು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. "ಅಯ್ಯೋ ಮಾರಾಯ, ಇದೇನು ಮಾಡ್ದೆ."

ತೀರ್ಪು ಅಕೈತಿಗೂ ಆಗಲಿಲ್ಲ, ವಾವಿಯನಿಗೂ ಆಗಲಿಲ್ಲ. ಮನೆತನದವರು ಕೂತು ಒಮ್ಮತಕ್ಕೆ ಬರುವವರೆಗೆ ಗದ್ದುಗೆ ಖಾಲಿ ಎಂದರು ನ್ಯಾಯಾಧೀಶರು. ಮನೆತನದವರು ಇವತ್ತಿಗೂ ಒಂದು ಚಾಪೆಯಲ್ಲಿ ಕೂತಿಲ್ಲ. ಆದರೆ ಮುಂದಿನ ವರ್ಷದೊಳಗೆ ಗದ್ದೆಗಳ ಮೇಲೆ ಏಳು ಹೊಸ ಅರ್ಜಿಗಳು ಬಿದ್ದವು. ತಂದೆಯ ಕಾಲದಲ್ಲಿ ಸೋತವರೆಲ್ಲ, ನಮಗೆ ಬರಬೇಕಾದ ಕಾಲು ತೈರಿಯ ಬಾಯಿ ತಪ್ಪಿ ಅವರಿಗೆ ಹೋಯಿತು ಎಂದು ಬರೆಸಿದರು. ಗೆದ್ದಿದ್ದವರು ತೈರಿಯ ಮುಖ ನೋಡುವುದನ್ನು ಬಿಟ್ಟರು. ಅಂಗಡಿಯ ಮುಂದೆ ಒಬ್ಬ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. "ತೈರಿ, ನಮ್ಮಪ್ಪನ ಎಡ ಮುಂಗಾಲು ಹಂದೀದಾ, ನಿನ್ನ ನಾಲಿಗೇದಾ?" ಜನ ನಕ್ಕರು. ತೈರಿ ಕೊಂಡ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಮೋಟಾರು ಬೈಕು ಹತ್ತಿದರು.

ಚರ್ಚಿನ ಹಬ್ಬಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಬೇರೆ ಕೂಗುವವನೂ ಬರಲಿಲ್ಲ, ಯಾರಿಗೂ ಧೈರ್ಯವಿರಲಿಲ್ಲ. ಹಂದಿಯನ್ನು ಅಡುಗೆಮನೆಯಲ್ಲೇ ತುಂಡು ಮಾಡಿ, ಬೋಗುಣಿಗೆ ತುಂಬಿ ಮೇಜಿನ ಮೇಲಿಟ್ಟರು. ಪಟ್ಟಣದ ಹಾಗೆ ಜನ ತಟ್ಟೆ ಹಿಡಿದು ಸಾಲು ನಿಂತರು.

ತೆಕೂರ ಗಂಡನಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದಳು. ವಾವಿಯ ಎರಡು ಮನೆಗಳ ನಡುವೆ ತಂತಿಬೇಲಿ ಹಾಕಿದ. ಮರುವರ್ಷ ಮಾರ್ಚಿನಲ್ಲಿ ಅವಳಿಗೆ ಎದೆಯಲ್ಲಿ ನೀರು ತುಂಬಿತು. ಬಿರುಗಾಳಿಗೆ ಮೂರು ದಿನ ವಿಮಾನ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವಳು ಗಂಡನನ್ನು ಕರೆದು, "ಆ ವಕೀಲೆಗೆ ನೀನು ಇಲ್ಲ ಅಂತ ಒಂದು ಮಾತು ಅನ್ನಬಹುದಿತ್ತು," ಎಂದಳಂತೆ. ಏಳು ತಿಂಗಳಲ್ಲಿ ಆಡಿದ್ದು ಅದೊಂದೇ. ಸಂಜೆಗೆ ಹೋದಳು.

ಗುಂಡಿ ತೋಡಲು ವಾವಿಯ ಬಂದ. ಹವಳದ ಕಲ್ಲನ್ನು ಹಾರೆಯಲ್ಲಿ ಒಡೆದು, ತಂಗಿಯನ್ನು ಇಳಿಸಿ, ಮಣ್ಣು ಮುಚ್ಚಿ, ಭಾವನ ಕಡೆ ತಿರುಗದೆ ಬೇಲಿ ದಾಟಿದ. ಊಟಕ್ಕೆ ನಾಲ್ಕು ಹಂದಿ ಬಂದವು, ನಾಲ್ಕೂ ಬೋಗುಣಿಗಳಲ್ಲಿ ತುಂಡಾಗಿ. ತಲೆ ಯಾವುದರಲ್ಲೂ ಇರಲಿಲ್ಲ. ತೈರಿ ಬಿಳಿ ಅಂಗಿ ತೊಟ್ಟು, ತೋಳು ಮಡಚಿ, ಚಾಪೆಯ ತುದಿಯಲ್ಲಿ ಚೂರಿ ಹಿಡಿದು ನಿಂತಿದ್ದರು. ಯಾರದೋ ಸೊಸೆ ತಟ್ಟೆಯಲ್ಲಿ ಮಾಂಸ, ಕೆಸುವಿನ ಗೆಡ್ಡೆ ಹಾಕಿ ಅವರ ಕೈಗಿತ್ತಳು. ಚೂರಿ ಹಿಡಿದ ಕೈಗೆ ತಟ್ಟೆ ಹಿಡಿಯಲಾಗದೆ ಅವರು ಗಲಿಬಿಲಿಗೊಂಡರು. ನಾನು ಚೂರಿ ಇಸಿದುಕೊಂಡೆ.

"ಅವಳ ಪಾಲು ಕೂಗಬೇಕು ಮೇಷ್ಟ್ರೇ," ಎಂದರು ಮೆಲ್ಲಗೆ. "ಕೊನೇ ಪಾಲು."

"ಕೂಗಿ ಅಜ್ಜ."

ಅವರು ಜನರ ಕಡೆ ನೋಡಿದರು. ಜನ ತಟ್ಟೆಗಳನ್ನು ನೋಡುತ್ತಿದ್ದರು. ಅವರ ಬಾಯಿ ತೆರೆಯಿತು. ದನಿ ಬರಲಿಲ್ಲ. ಕಡೆಗೆ ಒಬ್ಬರೇ ಹೋಗಿ, ತಟ್ಟೆಯಲ್ಲಿದ್ದುದನ್ನು ಬಾಳೆಎಲೆಯಲ್ಲಿ ಸುತ್ತಿ, ಹಸಿ ಮಣ್ಣಿನ ಪಕ್ಕ ಕೈಯಿಂದಲೇ ಗುಂಡಿ ಮಾಡಿ ಹೂತು ಬಂದರು. ತೆಕೂರಳ ಹೆಸರು ಕೂಗದೆಯೇ ಉಳಿಯಿತು.

ಆಮೇಲೆ ಈ ದ್ವೀಪದಲ್ಲಿ ಪಾಲು ಕೂಗಿಲ್ಲ. ಗದ್ದುಗೆ ಖಾಲಿಯೇ ಇದೆ. ಅರಿಕಿಯ ಚಾಪೆಯನ್ನು ಸಭೆಮನೆಯ ಅಟ್ಟದಲ್ಲಿ ಸುತ್ತಿಟ್ಟಿದ್ದಾರೆ. ಏಳು ಅರ್ಜಿಗಳಲ್ಲಿ ಐದು ಇನ್ನೂ ಮುಗಿದಿಲ್ಲ. ಆ ಗದ್ದೆಗಳಲ್ಲಿ ಯಾರೂ ನೆಡುವುದಿಲ್ಲ, ಜೊಂಡು ಬೆಳೆದಿದೆ. ಚೂರಿ ನನ್ನ ಮೇಜಿನ ಖಾನೆಯಲ್ಲಿದೆ. ಎರಡು ಸಲ ಹಿಂದಕ್ಕೆ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ.

ತೈರಿಯವರಿಗೆ ಈಗ ಎಪ್ಪತ್ತಮೂರು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಬಂದು ನಮ್ಮ ಶಾಲೆಯ ಅಂಗಳದ ಹುಲ್ಲು ಕತ್ತರಿಸುತ್ತಾರೆ.